ಅಪ್‌ಡೇಟ್: ದೀಪಾವಳಿಗೆ ಅಪ್ಪ, ಅಮ್ಮನಿಗೆ ಕೊಟ್ಟದ್ದು

500 ರೂಪಾಯಿಯೊಳಗೆ ಅಪ್ಪ, ಅಮ್ಮನಿಗೆ ಹಬ್ಬದ ಉಡುಗೊರೆ ಏನು ಕೊಡಲಿ ಎಂದು ಕೇಳಿದ್ದೆ. ಹಲವರು ಕಾಸರಗೋಡು ಸೀರೆ ಎಂದಿರಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೈಮಗ್ಗದ ಹತ್ತಿ ಸೀರೆ, ಒಳ್ಳೆಯದೇ. ನನ್ನ ಕಿಸೆಗೆ ಎಟುಕಲಿಲ್ಲ.

ಅಮ್ಮನ ಮೆಟ್ಟುಕತ್ತಿಯ ಹಲ್ಲು ಸವೆದು, ತೆಂಗಿನಕಾಯಿ ತುರಿಯುವಾಗ ಜಾರುತ್ತಿತ್ತು. ಕಮ್ಮಾರರ ಬಳಿ ಒಯ್ದು ಹಲ್ಲು ಕಡೆಸಿ, ಅಲುಗಿಗೂ ಸಾಣೆ ಹಿಡಿಸಿದೆ. ಹಬ್ಬದ ಹಿಂದಿನ ದಿನವೇ ಕೊಟ್ಟದ್ದು ಲೆಕ್ಕ ಹಾಕಿಯೇ, ಮರುದಿನದ ಕಾಯಿ ರಾಶಿಗೆ ಬೇಕಲ್ಲ! ಅಮ್ಮ ಹೊಗಳಲಿಲ್ಲ, ಎರಡು ಕಾಯಿ ಹೆಚ್ಚೇ ತುರಿದಳು.

ಅಪ್ಪನಿಗೆ ತಾಳಮದ್ದಳೆ. ಕಾಸರಗೋಡಿನ ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ; ಉಳಿದವರಿಗೆ: ವೇಷ, ಕುಣಿತವಿಲ್ಲದೆ, ಭಾಗವತರ ಹಾಡಿಗೆ ಅರ್ಥಧಾರಿಗಳು ಕುಳಿತೇ ಪಾತ್ರಗಳ ಮಾತನಾಡುವ ಯಕ್ಷಗಾನ ಕೂಟ. ಮನೆಯ ರೇಡಿಯೋಗೆ ಪೆನ್‌ಡ್ರೈವ್ ಹಾಕಬಹುದೆಂದು ನೆನಪಿಸಿದವರಿಗೆ ಕೃತಜ್ಞತೆ. ಪರಿಚಯದ ಹವ್ಯಾಸಿ ಸಂಘದವರು ನಾನು ಕೇಳಿದ ಕೂಡಲೇ ತಾವೇ ಧ್ವನಿಮುದ್ರಿಸಿಕೊಂಡ ಕೂಟಗಳನ್ನು ಕೊಟ್ಟರು. ಖರ್ಚು ಪೆನ್‌ಡ್ರೈವಿನದ್ದು ಮಾತ್ರ. ಪ್ರಸಂಗದ ಹೆಸರುಗಳನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ರೇಡಿಯೋ ಪಕ್ಕ ಅಂಟಿಸಿದ್ದು ನನ್ನದೇ ಸೇರ್ಪಡೆ, ಅದಿಲ್ಲದಿದ್ದರೆ ಪ್ರತಿಸಲವೂ ನನ್ನನ್ನೇ ಕರೆಯುತ್ತಿದ್ದರು. ಈಗ ಅಡಿಕೆ ಸುಲಿಯುತ್ತಾ, ಅರ್ಥಧಾರಿ ತಪ್ಪಿದಲ್ಲೆಲ್ಲ ರೇಡಿಯೋವನ್ನೇ ತಿದ್ದುತ್ತಾರೆ.

ಉಳಿದ ಹಣದಲ್ಲಿ ಹಣತೆ ತಂದೆ. ಗೋಡೆ ಗಡಿಯಾರ ಸೂಚಿಸಿದವರು ಕ್ಷಮಿಸಿ, ಮನೆಯಲ್ಲಿ ಈಗಾಗಲೇ ಮೂರಿವೆ.