ಯಂತ್ರ ‘ಏಮಾರಿತು’ ಎನ್ನಬಹುದೆ?

ಗೆಳೆಯರೆ,

ಸುಳ್ಳು ಮಾಹಿತಿಯನ್ನು ನಿಜವೆಂದು ನಂಬಿ ವಿಮಾನದ ಕಂಪ್ಯೂಟರು ಮಾಡಬಾರದ್ದನ್ನು ಮಾಡಿದರೆ, ಅದಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಹೊಂದುತ್ತದೆ? ಸೋಮವಾರಪೇಟೆಯ ನಮ್ಮ ಹೈಸ್ಕೂಲಿನ ಗೋಡೆಪತ್ರಿಕೆಗೆ ಪೈಲಟ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಈ ಒಂದು ಪದದ ಹತ್ತಿರ ಬಂದು ನಾಲ್ಕು ದಿನದಿಂದ ನಿಂತಿದ್ದೇನೆ.

ಘಟನೆ 2008ರ ಅಕ್ಟೋಬರ್ 7ರದ್ದು. ಸಿಂಗಪುರದಿಂದ ಪರ್ತ್‌ಗೆ ಹೊರಟಿದ್ದ ಆಸ್ಟ್ರೇಲಿಯದ ಕ್ವಾಂಟಾಸ್ ಕಂಪನಿಯ 72ನೇ ನಂಬರಿನ ವಿಮಾನ, ಏರ್‌ಬಸ್ ಎ330. 37,000 ಅಡಿ ಎತ್ತರದಲ್ಲಿ ವಿಮಾನವನ್ನು ತಾನೇ ಹಾರಿಸುವ ಆಟೋಪೈಲಟ್ ತಾನಾಗಿ ಕಳಚಿಕೊಂಡಿತು. ವೇಗ ಮಿತಿಮೀರಿದೆ ಎಂದು ಒಂದು ಎಚ್ಚರಿಕೆ, ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತಿದೆ ಎಂದು ಇನ್ನೊಂದು. ಆ ಗಳಿಗೆಯಲ್ಲಿ ಎರಡೂ ಸುಳ್ಳು. ಕ್ಯಾಪ್ಟನ್ ಕೆವಿನ್ ಸಲ್ಲಿವನ್ ಕೈಯಿಂದಲೇ ಹಾರಿಸುತ್ತಿದ್ದಾಗ, ಸುಮಾರು ಎರಡು ನಿಮಿಷ ಕಳೆಯುವಷ್ಟರಲ್ಲಿ, ವಿಮಾನ ಇದ್ದಕ್ಕಿದ್ದಂತೆ ಮೂತಿ ಬಗ್ಗಿಸಿ 650 ಅಡಿ ಇಳಿಯಿತು. ಬೆಲ್ಟ್ ಹಾಕಿಕೊಳ್ಳದವರು ಚಾವಣಿಗೆ ಹೋಗಿ ಬಡಿದರು. ಮೂತಿ ಎತ್ತಲು ಸಲ್ಲಿವನ್ ಸೈಡ್‌ಸ್ಟಿಕ್ಕನ್ನು (ವಿಮಾನ ನಡೆಸುವ ಹಿಡಿಕೋಲನ್ನು) ಹಿಂದಕ್ಕೆ ಎಳೆದರು. ಮೊದಲಿಗೆ ವಿಮಾನ ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಇನ್ನೊಮ್ಮೆ ಹಾಗೆಯೇ, 400 ಅಡಿ. ನೂರಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಪಶ್ಚಿಮ ಆಸ್ಟ್ರೇಲಿಯದ ಲಿಯರ್ಮಂತ್‌ನಲ್ಲಿ ಇಳಿಸಿದರು, 315 ಜನರೂ ಬದುಕಿದರು.

ಹೊರಗಿನ ಗಾಳಿಯ ಲೆಕ್ಕ ಕೊಡುವ ಮೂರು ಘಟಕಗಳಲ್ಲಿ ಒಂದು ನಡುನಡುವೆ ಹುಸಿ ಅಂಕಿ ಕಳಿಸುತ್ತಿತ್ತು. ಮೂತಿ ವಿಪರೀತ ಮೇಲೆದ್ದಿದೆ ಎಂದು ತಿಳಿದ ಕಂಪ್ಯೂಟರು, ಕಾಪಾಡಲೆಂದೇ ಅದನ್ನು ಬಗ್ಗಿಸಿತು.

ಪತ್ರಿಕೆಗಳಲ್ಲಿ ಇಂಥದ್ದಕ್ಕೆಲ್ಲ ‘ತಾಂತ್ರಿಕ ದೋಷ’ ಎಂಬ ಒಂದೇ ಮಾತು. ಚಕ್ರ ಬಿಚ್ಚದಿದ್ದರೂ ಅದೇ, ಎಸಿ ನಿಂತರೂ ಅದೇ. ಮಕ್ಕಳಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಕೈಕೊಟ್ಟಿತು’ ಎಂದು ಬರೆದು ನೋಡಿದೆ. ಜೀಪು ಹಟ್ಟಿಹೊಳೆ ಏರಿನಲ್ಲಿ ನಿಂತರೆ ಕೈಕೊಟ್ಟಿತು ಎನ್ನುತ್ತೇವೆ, ಸರಿ. ಇಲ್ಲಿ ಯಂತ್ರ ನಿಲ್ಲಲಿಲ್ಲವಲ್ಲ. ತನಗೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತು, ಅದೇ ಅಪಾಯವಾಯಿತು.

ಆಗ ನೆನಪಾದದ್ದು ನಮ್ಮ ತೋಟದ ಕೆಲಸದ ಉಸ್ತುವಾರಿ ನೋಡುವ ರೈಟರ್ ಆಡಿದ ಮಾತು. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದ್ದೆವು. ರಾತ್ರಿ ಕೆರೆಯ ನೀರು ತಳ ಕಂಡರೂ ಮೋಟರ್ ನಿಲ್ಲಲಿಲ್ಲ. ನೀರಿನ ಮಟ್ಟ ಹೇಳುವ ಫ್ಲೋಟ್ ದಡದ ಬೇರಿಗೆ ಸಿಕ್ಕಿ ಮೇಲೆಯೇ ಉಳಿದಿತ್ತು. ಬೆಳಿಗ್ಗೆ ಪಂಪ್‌ಹೌಸಿನ ಬಾಗಿಲು ತೆಗೆದರೆ ಸುಟ್ಟ ವೈಂಡಿಂಗ್ ವಾಸನೆ. ರೈಟರ್ ಕೆರೆಗೆ ಇಳಿದು ಫ್ಲೋಟ್ ಬಿಡಿಸಿ ನನಗೆ ತೋರಿಸಿ, “ಮೋಟರ್‌ದೇನೂ ತಪ್ಪಿಲ್ಲ ಸಾರ್, ಇದನ್ನ ನಂಬಿ ಏಮಾರಿ ಹೋಯ್ತು” ಎಂದರು.

ನನಗೆ ಬೇಕಾದ ಪದ ಇದೇ ಎನಿಸುತ್ತದೆ. ‘ಮೋಸಹೋಗು’ ಎಂದರೆ ಮೋಸ ಮಾಡಿದವನೊಬ್ಬ ಇರಬೇಕು. ‘ಏಮಾರು’ವಿನಲ್ಲಿ ಮೋಸದ ಜೊತೆಗೆ ಮೈಮರೆವೂ ಇದೆ, ಎಚ್ಚರ ತಪ್ಪಿದ್ದೂ ಇದೆ. ಮಾತಿನಲ್ಲಿ ‘ಯಾಮಾರು’ ಎಂದೂ ಕೇಳುತ್ತೇವೆ. ತಮಿಳಿನಲ್ಲೂ ಇದರ ನೆಂಟ ಇದ್ದಾನೆ.

ಇದರ ಪಕ್ಕದಲ್ಲಿ ಇನ್ನೊಂದು ಪದವನ್ನೂ ಇಟ್ಟು ನೋಡಿ. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದು 228 ಜನ ಸತ್ತರು. ಅಲ್ಲಿ ವೇಗ ಅಳೆಯುವ ಪಿಟೊ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಆಟೋಪೈಲಟ್ ಅದನ್ನು ನಂಬಲಿಲ್ಲ, ವಿಮಾನವನ್ನು ಪೈಲಟ್‌ಗಳಿಗೆ ಬಿಟ್ಟು ಸರಿಯಿತು. ಇದು ಏಮಾರಿದ್ದಲ್ಲ, ‘ಕೈಬಿಟ್ಟದ್ದು’. ಕೈಕೊಡುವುದು, ಕೈಬಿಡುವುದು, ಏಮಾರುವುದು: ಈ ಮೂರರಲ್ಲಿ ಪೈಲಟ್ ಮಾಡಬೇಕಾದ ಕೆಲಸ ಬೇರೆ ಬೇರೆ. ಕೈಬಿಟ್ಟಾಗ ಕೂಡಲೇ ಹಿಡಿದುಕೊಳ್ಳಬೇಕು. ಏಮಾರಿದಾಗ ಮೊದಲು ಅದರ ಕೈಯಿಂದ ಬಿಡಿಸಿಕೊಳ್ಳಬೇಕು, ಅದು ಹೆಚ್ಚು ಕಷ್ಟ.

447ರಲ್ಲಿ ಇಬ್ಬರು ಪೈಲಟ್‌ಗಳೂ ಕೆಲವು ಗಳಿಗೆ ಒಟ್ಟಿಗೇ ಸೈಡ್‌ಸ್ಟಿಕ್ ಆಡಿಸಿದರು. ಹಾಗಾಗಬಾರದೆಂದೇ ಕಾಕ್‌ಪಿಟ್ಟಿನಲ್ಲಿ ‘ಐ ಹ್ಯಾವ್ ಕಂಟ್ರೋಲ್’, ‘ಯೂ ಹ್ಯಾವ್ ಕಂಟ್ರೋಲ್’ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇದೆ. ‘ನಿಯಂತ್ರಣವನ್ನು ವಹಿಸಿಕೊಂಡಿದ್ದೇನೆ’ ಎಂದು ಒಬ್ಬ ವಿದ್ಯಾರ್ಥಿನಿ ಬರೆದುಕೊಟ್ಟಳು. ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ವಿಮಾನ ಎಲ್ಲಿರುತ್ತದೋ! ನಾನು ‘ನನ್ನ ಕೈಲಿದೆ’, ‘ನಿಮ್ಮ ಕೈಲಿದೆ’ ಎಂದು ತಿದ್ದಿದೆ. ಇದಕ್ಕಿಂತ ಚಿಕ್ಕದು ಹೊಳೆದರೆ ಹೇಳಿ.

ಮುಖ್ಯವಾಗಿ ನಾನು ಕೇಳುವುದು ಇಷ್ಟು. ಜೀವವಿಲ್ಲದ ವಸ್ತುವಿಗೆ ‘ಏಮಾರು’ ಬಳಸಿದ್ದನ್ನು ನಿಮ್ಮ ಕಡೆ ಕೇಳಿದ್ದೀರಾ, ಅಥವಾ ಅದು ನಮ್ಮ ರೈಟರ್ ಒಬ್ಬರದೇ ಬಳಕೆಯೆ? ನಾಮಪದ ಬೇಕಾದರೆ ‘ಏಮಾರಿಕೆ’ ಕಿವಿಗೆ ಒಪ್ಪುತ್ತದೆಯೆ? ಉತ್ತರ ಕರ್ನಾಟಕದವರು, ಕರಾವಳಿಯವರು ಈ ಜಾಗದಲ್ಲಿ ಯಾವ ಮಾತು ಆಡುತ್ತೀರಿ ಎಂಬುದನ್ನೂ ತಿಳಿಸಿ. ಗೋಡೆಪತ್ರಿಕೆಯ ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.