ಟ್ಯೂಬ್ ಹಾಕುವ ಮುಂಚೆ ಹತ್ತು ನಿಮಿಷದ ಅಭ್ಯಾಸ: ನಮ್ಮ ಓ.ಟಿ.ಗಳಲ್ಲಿ ಸಾಧ್ಯವೇ?

ಪ್ರಶ್ನೆ (ಅರಿವಳಿಕೆ ವಿಭಾಗದ ಪಿ.ಜಿ. (ಸ್ನಾತಕೋತ್ತರ ವಿದ್ಯಾರ್ಥಿ), ಮೈಸೂರು)

ಸ್ಕಿಲ್ ಲ್ಯಾಬಿನಲ್ಲಿ (ಕೌಶಲ ತರಬೇತಿ ಕೊಠಡಿ) ಇಂಟುಬೇಷನ್, ಅಂದರೆ ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕುವುದನ್ನು, ಕಲಿತ ದಿನಕ್ಕೂ ಹಸುಗೂಸೊಂದಕ್ಕೆ ನಿಜವಾಗಿ ಟ್ಯೂಬ್ ಹಾಕುವ ದಿನಕ್ಕೂ ನಡುವೆ ಎಷ್ಟೋ ವೇಳೆ ತಿಂಗಳುಗಳೇ ಕಳೆದಿರುತ್ತವೆ. 2024ರ ಡಿಸೆಂಬರ್‌ನಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಅಧ್ಯಯನದಲ್ಲಿ, ಕಲಿಯುವವರಿಗೆ ಕೆಲಸಕ್ಕೆ ಒಂದು ಗಂಟೆಯೊಳಗೆ, ಹೆಚ್ಚೆಂದರೆ ಹತ್ತು ನಿಮಿಷ, ನುರಿತ ತರಬೇತುದಾರರ ಎದುರು ಮ್ಯಾನಿಕಿನ್ (ತರಬೇತಿಯ ಗೊಂಬೆ) ಮೇಲೆ ಅಭ್ಯಾಸ ಮಾಡಿಸಿದ್ದಾರೆ. ಮೊದಲ ಯತ್ನದಲ್ಲೇ ಯಶಸ್ವಿಯಾದವರ ಪ್ರಮಾಣ ಶೇ. 91.4; ಎಂದಿನಂತೆ ಓ.ಟಿ.ಯಲ್ಲೇ (ಶಸ್ತ್ರಚಿಕಿತ್ಸಾ ಕೊಠಡಿ) ಹೇಳಿಸಿಕೊಂಡು ಮಾಡಿದವರಲ್ಲಿ ಅದು ಶೇ. 81.6. ಮೈಸೂರು, ಮಂಡ್ಯದ ಬೋಧನಾ ಆಸ್ಪತ್ರೆಗಳಲ್ಲಿ ಇದನ್ನು ನಡೆಸಲು ಸಾಧ್ಯವೇ?

ಉತ್ತರ 1 (ಮಕ್ಕಳ ಅರಿವಳಿಕೆ ತಜ್ಞೆ, ಮೈಸೂರು)

ಸಾಧ್ಯ, ಆದರೆ ಫಲ ಕೊಟ್ಟದ್ದು ಮ್ಯಾನಿಕಿನ್ ಒಂದೇ ಎಂದು ತಿಳಿಯಬೇಡಿ. ಫಿಲಡೆಲ್ಫಿಯಾದ ಮಕ್ಕಳ ಐಸಿಯುವಿನಲ್ಲಿ ಡ್ಯೂಟಿಯ ಆರಂಭದಲ್ಲೇ ಇಂತಹ ಅಭ್ಯಾಸ ಮಾಡಿಸಿ, 2010ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮೊದಲ ಯತ್ನದ ಯಶಸ್ಸು ಅಭ್ಯಾಸವಿಲ್ಲದವರಿಗಿಂತ ಹೆಚ್ಚಿರಲಿಲ್ಲ. ಅಭ್ಯಾಸಕ್ಕೂ ಕೆಲಸಕ್ಕೂ ನಡುವಿನ ಅಂತರ, ಪಕ್ಕದಲ್ಲಿ ನಿಂತು ತಿದ್ದುವವರು, ಇವೆರಡೂ ನಿರ್ಣಾಯಕವೆಂಬುದು ನನ್ನ ಅಭಿಪ್ರಾಯ.

ತಿದ್ದುವುದೆಂದರೆ ಇಷ್ಟು: ಕೂಸಿನ ತಲೆಯ ಹಿಂಭಾಗ ದೊಡ್ಡದಾದ್ದರಿಂದ ಭುಜದ ಕೆಳಗೆ ಮಡಿಸಿದ ಬಟ್ಟೆ ಇಡದಿದ್ದರೆ ಕುತ್ತಿಗೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಮುಚ್ಚುತ್ತದೆ; ಎಡಗೈಯಲ್ಲಿ ಹಿಡಿದ ಲ್ಯಾರಿಂಗೋಸ್ಕೋಪನ್ನು (ಗಂಟಲೊಳಗೆ ನೋಡುವ ಸಾಧನ) ಒಸಡಿಗೆ ಆನಿಸಿ ಮೀಟದೆ, ಹಿಡಿಯ ನೇರಕ್ಕೆ ಮುಂದಕ್ಕೂ ಮೇಲಕ್ಕೂ ಎತ್ತಬೇಕು. ಕಲಿಯುವವರ ಮಣಿಕಟ್ಟು ಹೊರಳುವುದನ್ನು ಅವರಿಗಿಂತ ಮೊದಲು ಕಾಣುವುದು ಎದುರಿಗಿರುವವರಿಗೆ. ಕೂಸಿನಲ್ಲಿ ಆಮ್ಲಜನಕ ಬಹು ಬೇಗ ಇಳಿಯುವುದರಿಂದ, ಈ ತಿದ್ದುಪಡಿ ಮೇಜಿನ ಮೇಲೆ ನಡೆಯುವುದಕ್ಕಿಂತ ಹೊರಗೇ ಮುಗಿದಿರುವುದು ಲೇಸು.

ಉತ್ತರ 2 (ಓ.ಟಿ. ಶುಶ್ರೂಷಾಧಿಕಾರಿ, ಮಂಡ್ಯ)

ಮೇಡಂ ಹೇಳಿದ್ದು ಸರಿ. ಆದರೆ ನಾನು ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಕೂಸಿನ ಮ್ಯಾನಿಕಿನ್ ಸ್ಕಿಲ್ ಲ್ಯಾಬಿನ ಬೀರುವಿನಲ್ಲಿರುತ್ತಿತ್ತು, ಬೀಗದ ಕೈ ಮಾತ್ರ ಆಡಳಿತ ಕಚೇರಿಯಲ್ಲಿ. ಪತ್ರ ಬರೆದು ಸಹಿ ಹಾಕಿಸಿ ತರುವಷ್ಟರಲ್ಲಿ ಆ ದಿನದ ಶಸ್ತ್ರಚಿಕಿತ್ಸೆಗಳ ಪಟ್ಟಿಯೇ ಮುಗಿದಿರುತ್ತಿತ್ತು. ದುಬಾರಿ ಯಂತ್ರಗಳಿಗಿಂತ ಮೊದಲು ಓ.ಟಿ. ಬಾಗಿಲ ಹೊರಗೆ ಒಂದು ಟ್ರಾಲಿ ಬೇಕು: ಕೂಸಿನ ತಲೆ-ಕುತ್ತಿಗೆಯ ಮಾದರಿ, ಬೇರೆ ಬೇರೆ ಅಳತೆಯ ಲ್ಯಾರಿಂಗೋಸ್ಕೋಪ್ ಬ್ಲೇಡುಗಳು, ಟ್ಯೂಬುಗಳು. ಅಭ್ಯಾಸದ ಬ್ಲೇಡು ರೋಗಿಯ ಟ್ರೇಗೆ ಸೇರದಂತೆ ಬಣ್ಣದ ಪಟ್ಟಿ ಸುತ್ತಿರಬೇಕು.

ಉತ್ತರ 3 (ತುರ್ತು ಚಿಕಿತ್ಸಾ ವೈದ್ಯ, ಮಂಡ್ಯ)

ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಇದು ಒಪ್ಪುತ್ತದೆ. ಉಸಿರು ನಿಲ್ಲುತ್ತಿರುವ ಕೂಸು ಬಾಗಿಲಿಗೆ ಬಂದಾಗ ಹತ್ತು ನಿಮಿಷ ಎಲ್ಲಿದೆ? ಅಲ್ಲಿ ಮಾಸ್ಕ್-ಬ್ಯಾಗ್ (ಮುಖಕ್ಕೆ ಒತ್ತಿ ಉಸಿರು ಕೊಡುವ ಸಾಧನ) ಹಿಡಿಯುವ ಕೈ ಪಳಗಿರಬೇಕು, ಟ್ಯೂಬನ್ನು ಅನುಭವಿಗಳೇ ಹಾಕಬೇಕು. ಇನ್ನೊಂದು ಅನುಮಾನ: ಮ್ಯಾನಿಕಿನ್‌ನಲ್ಲಿ ಸಲೀಸಾಗಿ ಆದದ್ದಕ್ಕೆ ಹುರುಪು ಏರಿ, ಎರಡನೇ ಯತ್ನಕ್ಕೂ ತಾನೇ ಕೈ ಹಾಕುವ ಪಿ.ಜಿ.ಗಳಿರುತ್ತಾರೆ. ಎಷ್ಟು ಯತ್ನಗಳ ಬಳಿಕ ಹಿರಿಯರಿಗೆ ಬಿಡಬೇಕೆಂಬುದನ್ನು ಆ ಹತ್ತು ನಿಮಿಷದಲ್ಲೇ ಮಾತಾಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನಿಗದಿತ ಪಟ್ಟಿಯ ಮೊದಲ ಕೂಸಿಗೆ ಮಾತ್ರ ಸೀಮಿತಗೊಳಿಸಿ, ಟ್ರಾಲಿಯ ಪ್ರಸ್ತಾಪವನ್ನು ವಿಭಾಗದ ಮುಂದಿಡುತ್ತೇನೆ. ಪಟ್ಟಿ ಆರಂಭಕ್ಕೆ ಮುನ್ನ ಹಿರಿಯರಲ್ಲಿ ಒಬ್ಬರನ್ನು ಬಿಡುವಾಗಿಸಲು ನಿಮ್ಮ ವಿಭಾಗಗಳಲ್ಲಿ ಡ್ಯೂಟಿ ಪಟ್ಟಿಯನ್ನು ಹೇಗೆ ಹೊಂದಿಸುತ್ತೀರಿ, ಮೇಡಂ?