ಆಕ್ಟೋಪಸ್ ಖರೇನೂ ಅಷ್ಟು ಶಾಣ್ಯಾ ಏನ್ರಿ?

ಸಿಂಧನೂರ್ ಹುಡ್ಗ:
ನಮ್ಮ ಅಕ್ಕನ ಮಗ ಏಳನೇ ಕ್ಲಾಸು, ಆಕ್ಟೋಪಸ್ ಬಾಟ್ಲಿ ಒಳಗ ಕುಂತು ಮುಚ್ಚಳ ತಿರುವಿ ಹೊರಗ ಬರೋ ವಿಡಿಯೋ ನೋಡಿದಾಗಿಂದ ನನ್ನ ತಲಿ ತಿನ್ನಾಕ ಹತ್ಯಾನ. ನಮಗ ಡ್ಯಾಮಿನ ಮೀನು, ಭತ್ತದ ಗದ್ದ್ಯಾಗಿನ ಏಡಿ ಬಿಟ್ರ ಏನ್ ಗೊತ್ರಿ. ಬಸವನಹುಳದ ಬಳಗ ಅಂತಾರ, ಎಲುಬಿಲ್ಲ ಏನಿಲ್ಲ, ಇಷ್ಟು ಬುದ್ಧಿ ಹೆಂಗ? 2010ರ ಫುಟ್ಬಾಲ್ ವರ್ಲ್ಡ್ ಕಪ್‌ನ್ಯಾಗ ಪಾಲ್ ಅನ್ನೋ ಆಕ್ಟೋಪಸ್ ಯಾರ್ ಗೆಲ್ತಾರ ಅಂತ ಹೇಳ್ತಿತ್ತಲ್ಲ, ಅದೂ ಶಾಣ್ಯಾತನನ?

ಬಳ್ಳಾರಿ ಬಿಸಿಲು:
ಪಾಲ್‌ದು ಲಕ್ ಬ್ರೋ. ಎರಡು ಡಬ್ಬಿಗೆ ಎರಡು ದೇಶದ ಫ್ಲ್ಯಾಗ್ ಅಂಟಿಸಿ ಒಳಗೆ ತಿನ್ನೋಕೆ ಹಾಕೋರು, ಯಾವ್ದು ಮೊದ್ಲು ತೆಗೀತೋ ಆ ಟೀಮು. ಆ ಸಲ 8ಕ್ಕೆ 8 ಸರಿಯಾಯ್ತು, ಅಷ್ಟೇ. ಅದಕ್ಕೆ ಫುಟ್ಬಾಲ್ ಏನ್ ಗೊತ್ತು 😄

ಗಂಗಾವತಿ ಮಾಸ್ತರ:
ಪಾಲ್ ಬಿಡ್ರಿ, ಅದರಕಿಂತ ಭಾರಿ ವಿಷಯ ಅದಾವ. ಆಕ್ಟೋಪಸ್ಸಿಗೆ ಸುಮಾರು 50 ಕೋಟಿ ನರಕೋಶ, ಆದ್ರ ಅದರಾಗ ಮೂರರಾಗ ಎರಡು ಪಾಲು ತಲ್ಯಾಗಿಲ್ಲ, ಎಂಟು ತೋಳಿನ್ಯಾಗ ಐತಿ! ಮನ್ಯಾಗ ಹಿರೇರು ಸಂತಿ ಮಾಡ್ಕೊಂಡ್ ಬಾ ಅಂತ ಅಷ್ಟ ಹೇಳ್ತಾರಲ್ಲ, ಯಾವ ಅಂಗಡಿ, ಎಷ್ಟಕ್ಕ ಚೌಕಾಸಿ ಅದೆಲ್ಲ ಹೋದವರ ಲೆಕ್ಕ, ಹಂಗ ತಲಿ ಬರೇ ಹುಕುಂ ಕೊಡತೈತಿ, ಉಳಿದಿದ್ದು ತೋಳು ನೋಡ್ಕೊಂತಾವ. ತೋಳಿನ ಮ್ಯಾಲ ಅಂಟಿ ಹಿಡಿಯಾಕ ಇರೋ ಬಟ್ಟಲುಗಳು ಮುಟ್ಟಿದ ಕೂಡ್ಲೆ ರುಚಿನೂ ತಿಳೀತಾವ, ಅದಕ್ಕ ಕಲ್ಲಿನ ಸಂದ್ಯಾಗ ಕಣ್ಣಿಗೆ ಕಾಣದ ಏಡಿನೂ ಸಿಗ್ತಾವ.

2016ರಾಗ ಸುದ್ದಿ ಆಗಿತ್ತು, ನ್ಯೂಜಿಲೆಂಡಿನ ನೇಪಿಯರ್ ಅಕ್ವೇರಿಯಂನ ಇಂಕಿ ಅನ್ನೋ ಆಕ್ಟೋಪಸ್ ರಾತ್ರಿ ಟ್ಯಾಂಕ್ ಮುಚ್ಚಳದ ಸಂದ್ಯಾಗಿಂದ ನುಸುಳಿ, ನೆಲದ ಮ್ಯಾಲ ತೆವಳಿ, ನೀರು ಹೋಗೋ ಪೈಪಿನ್ಯಾಗ ಇಳದು ಸೀದಾ ಸಮುದ್ರ ಸೇರ್ತು. ಇಂಡೋನೇಷ್ಯಾದಾಗ ಒಂದು ಜಾತಿ ತೆಂಗಿನ ಚಿಪ್ಪು ಹೊತ್ಕೊಂಡು ತಿರುಗತೈತಿ, ಹೆದರಿಕಿ ಆದಾಗ ಅದರಾಗ ಅಡಗಾಕ. ನನಗ ದೊಡ್ಡದು ಅನ್ಸಿದ್ದು ಇದ, ಮುಂದ ಬೇಕಾಗ್ತದ ಅಂತ ಈಗ ಭಾರ ಹೊರೋದು.

1992ರಾಗ ಇಟಲಿ ವಿಜ್ಞಾನಿಗಳು ಒಂದು ಆಕ್ಟೋಪಸ್ ನೋಡಿ ಇನ್ನೊಂದು ಕಲೀತೈತಿ ಅಂತ ಬರದ್ರು, ಆದ್ರ ಅದನ್ನ ಎಲ್ಲಾರೂ ಒಪ್ಪಿಲ್ಲ.

ಬಳ್ಳಾರಿ ಬಿಸಿಲು:
ನಂಗೆ ಬೇಜಾರಾಗೋದು ಇಷ್ಟೆಲ್ಲ ಬುದ್ಧಿ ಇಟ್ಕೊಂಡು ಹೆಚ್ಚಿನವು ಒಂದೆರಡು ವರ್ಷಕ್ಕೇ ಸಾಯೋದು. ತಾಯಿ ಊಟ ಬಿಟ್ಟು ಮೊಟ್ಟೆ ಕಾಯ್ಕೊಂಡಿದ್ದು ಮರಿ ಬರೋ ಹೊತ್ತಿಗೆ ಹೋಗ್ಬಿಡುತ್ತೆ, ಕಲಿಸೋರೇ ಇಲ್ಲ, ಪ್ರತಿ ಮರಿನೂ ಮೊದಲಿಂದ ಶುರು.

ಸಿಂಧನೂರ್ ಹುಡ್ಗ:
ಮಾಸ್ತರ, ಕಲಿಸೋರಿಲ್ಲ ಅಂದ್ರ ಅಷ್ಟು ಬುದ್ಧಿ ಬಂದಿದ್ದಾರ ಯಾಕ? ಮತ್ತ ಕಣ್ಣಿಗೆ ಬಣ್ಣ ಕಾಣಂಗಿಲ್ಲ ಅಂತಾರ, ಹಂಗಿದ್ರ ಮೈಬಣ್ಣ ಹೆಂಗ ಹೊಂದಿಸ್ಕೊಂತೈತಿ?

ಗಂಗಾವತಿ ಮಾಸ್ತರ:
ಹಿಂದ ಅದರ ಪೂರ್ವಜರಿಗೆ ಚಿಪ್ಪಿತ್ತು, ಆಮ್ಯಾಲ ಹೋತು. ಬರೇ ಮೆತ್ತನ್ನ ಮಾಂಸ, ಸಮುದ್ರದಾಗ ಎಲ್ಲಾರಿಗೂ ಅದ ಬೇಕು, ಉಪಾಯ ಇಲ್ಲಂದ್ರ ಉಳಿಯಂಗಿಲ್ಲ ಅಂತ ಭಾಳ ಮಂದಿ ವಿಜ್ಞಾನಿಗಳ ಅಂದಾಜು. ಬಣ್ಣದ ಗುಟ್ಟು ಇನ್ನೂ ಪೂರ್ತಿ ಬಿಡಿಸಿಲ್ರಿ. ಕಣ್ಣಾಗ ಬೆಳಕು ಹಿಡಿಯೋ ಪ್ರೋಟೀನ್ ಇರತೈತಲ್ಲ, ಅಂಥದ್ದ ಒಂದು ಜಾತಿಯ ಚರ್ಮದಾಗೂ ಐತಿ ಅಂತ 2015ರಾಗ ಗೊತ್ತಾಗೈತಿ, ಕಣ್ಣಿನ ಹಂಗಿಲ್ದನ ಚರ್ಮ ಬೆಳಕಿಗೆ ಬಣ್ಣ ಬದಲಿಸತೈತಿ.